ಅಯೋಗ್ಯರಾಗಿ, ಅಯೋಗ್ಯವಾಗಿ

ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ, ಕ್ರಿಸ್ತನ ನೆನಪಿಗೆ ರೊಟ್ಟಿಯ ಚೂರು, ದ್ರಾಕ್ಷಾರಸದ ಗುಟುಕು ಹಂಚಿಕೊಳ್ಳುವ ಆಚರಣೆ. ಅದರ ಹಿಂದಿನ ಮಧ್ಯಾಹ್ನ, ಬೇಕರಿಯ ಒಲೆಯ ಕಾವು ಇಳಿಯುತ್ತಿರುವಾಗ, ಯಜಮಾನ ತೋಳು ಮಡಚಿ ಆ ರೊಟ್ಟಿಗೆ ಹಿಟ್ಟು ಕಲಸಲು ನಿಲ್ಲುತ್ತಿದ್ದ. ಅದಕ್ಕೆ ಸಕ್ಕರೆ ಇಲ್ಲ, ಬೆಣ್ಣೆ ಇಲ್ಲ. ಹಿಟ್ಟು, ನೀರು, ಉಪ್ಪು, ಚಿಟಿಕೆ ಯೀಸ್ಟ್, ಅಷ್ಟೆ. ಅಂಗಡಿಯ ಬೇರೆಲ್ಲ ಕೆಲಸವನ್ನೂ ಮಗನಿಗೆ ಬಿಟ್ಟಿದ್ದರೂ ಇದೊಂದನ್ನು ಬಿಟ್ಟುಕೊಟ್ಟಿರಲಿಲ್ಲ.

ಕಲಸುವಾಗ ಅವನ ಬಾಯಲ್ಲಿ ಬೈಬಲಿನ ವೇದವಾಕ್ಯ ಓಡುತ್ತಿತ್ತು. ಹಿಟ್ಟನ್ನು ಒತ್ತಿದಾಗ ಒಂದು ಪದ, ಮಡಚಿದಾಗ ಮತ್ತೊಂದು. ಓದು ಬಾರದ ಅವನ ತಾಯಿ ಇದೇ ಮರದ ತೊಟ್ಟಿಯ ಮುಂದೆ ನಿಂತು, ಇದೇ ಲಯದಲ್ಲಿ, ಯಾರಿಂದಲೋ ಕೇಳಿ ಕಲಿತದ್ದನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದಳು.

"ಅಯೋಗ್ಯರಾಗಿ ಈ ರೊಟ್ಟಿ ತಿನ್ನೋರು ಪ್ರಭುವಿನ ದೇಹಕ್ಕೇ ದ್ರೋಹ ಮಾಡಿದ ಹಾಗೆ..."

"ಅಪ್ಪ, ಬೇರೆ ವಾಕ್ಯವೇ ಸಿಗಲಿಲ್ವಾ ನಿಮಗೆ?" ಎಂದ ಮಗ, ಒಲೆಯ ಬಾಯಿ ಮುಚ್ಚುತ್ತ. "ಹಿಟ್ಟು ಹೆದರಿಕೊಂಡು ಉಬ್ಬೋದೇ ಇಲ್ಲ ನೋಡಿ."

"ಬಾಡಿಗೆ ಹಾಲ್‌ನಲ್ಲಿ ನೀನು ಉಬ್ಬಿರೋದು ಸಾಲದಾ, ಕೃಪೆರಾಯ? ತಟ್ಟೆ ತೊಳೆದಾಯ್ತಾ?"

"ಆಮೇಲೆ ತೊಳೀತೀನಿ."

"ಹೌದಪ್ಪ, ತೊಳೆಯದಿದ್ದರೂ ಕೃಪೆ ಇದೆಯಲ್ಲ!"

ಮಗ ಈಚೆಗೆ ಚರ್ಚು ಬಿಟ್ಟು, ಪೀಠೋಪಕರಣದಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ ಸೇರುವ ಹೊಸ ಪ್ರಾರ್ಥನಾಕೂಟಕ್ಕೆ ಹೋಗುತ್ತಿದ್ದ. ಮಾಡಿದ ಪಾಪ, ಮಾಡುತ್ತಿರುವ ಪಾಪ, ಮುಂದೆ ಮಾಡಲಿರುವ ಪಾಪ ಎಲ್ಲವೂ ಆಗಲೇ ಅಳಿಸಿಹೋಗಿದೆ, ನಂಬಿದರೆ ಸಾಕು, ಎಂದು ಅಲ್ಲಿ ಹೇಳುತ್ತಿದ್ದರು. ಯಜಮಾನ ಚರ್ಚಿನ ಸಭೆಯ ಹಿರಿಯ. ತನ್ನನ್ನು ತಾನು ಶೋಧಿಸಿಕೊಳ್ಳದೆ ಆ ಮೇಜಿನ ಹತ್ತಿರ ಯಾರೂ ಹೋಗಬಾರದು ಎಂಬುದು ಅವನ ಮಾತು. ಇಬ್ಬರ ಜಗಳ ಒಲೆ ಹೊತ್ತಿಸುವಾಗ ಶುರುವಾಗಿ ಒಲೆ ತಣ್ಣಗಾಗುವವರೆಗೂ ನಡೆಯುತ್ತಿತ್ತು. ಗಿರಾಕಿಗಳಿಗೂ ಅಭ್ಯಾಸವಾಗಿತ್ತು.

ಆದರೆ ಈ ಸಲದ ಜಗಳದಲ್ಲಿ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಯಜಮಾನನ ಹೆಂಡತಿ, ಮಕ್ಕಳ ತಾಯಿ, ಮಲಗಿದ್ದಳು. ಅನ್ನನಾಳದಲ್ಲಿ ಗಡ್ಡೆ. ಮೊದಮೊದಲು ಬ್ರೆಡ್ಡಿನ ಅಂಚು ಗಂಟಲಲ್ಲಿ ನಿಲ್ಲುತ್ತಿತ್ತು. ಆಮೇಲೆ ಟೀಯಲ್ಲಿ ಅದ್ದಿದರೆ ಮಾತ್ರ ಇಳಿಯುತ್ತಿತ್ತು. ದಾರಿ ದಿನದಿನಕ್ಕೆ ಕಿರಿದಾಗುತ್ತದೆ, ಕತ್ತರಿಸುವ ಹಂತ ದಾಟಿದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬ್ರೆಡ್ಡು ಮಾಡುವವರ ಮನೆಯಲ್ಲಿ ಬ್ರೆಡ್ಡು ನುಂಗಲಾಗದ ಕಾಯಿಲೆ.

ತಾಯಿ ಕೇಳಿದ್ದು ಒಂದೇ. "ಗಂಟಲು ಪೂರ್ತಿ ಮುಚ್ಚೋದರೊಳಗೆ ಒಂದು ಸಲ ಪ್ರಭುಭೋಜನ ತಗೋಬೇಕು. ಮಗಳ ಜೊತೆ ಕೂತು ತಗೋಬೇಕು."

ಅಲ್ಲೇ ಇದ್ದದ್ದು ತೊಡಕು.

ಮಗಳು ಟೈಲರು. ಎರಡು ಬೀದಿಯಾಚೆ ಪರದೆ, ಶಾಲೆಯ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಪಕ್ಕದಲ್ಲೇ ಗಡಿಯಾರ ರಿಪೇರಿ ಮಾಡುವವನ ಜೊತೆ ಬಾಳುವೆ. ಅವನ ಹೆಂಡತಿ ಎಂದೋ ಬಿಟ್ಟು ಹೋಗಿದ್ದಳು. ಎಲ್ಲಿದ್ದಾಳೆಂದು ಗೊತ್ತಿಲ್ಲ, ಸತ್ತಳೆಂದೂ ಇಲ್ಲ, ವಿಚ್ಛೇದನವೂ ಇಲ್ಲ. ಹಾಗಾಗಿ ಇವರಿಬ್ಬರಿಗೆ ಚರ್ಚಿನಲ್ಲಿ ಮದುವೆ ಇಲ್ಲ. ಮಗಳು ಅವನ ಮನೆ ಸೇರಿದ ವಾರವೇ ಯಜಮಾನ ಆ 'ಅಯೋಗ್ಯರಾಗಿ' ವಾಕ್ಯವನ್ನು ಊಟದ ಮೇಜಿನಲ್ಲಿ ಹೇಳಿದ್ದ. ಹೊರಗೆ ಹಾಕಲಿಲ್ಲ, ಕೈಯೆತ್ತಲಿಲ್ಲ, ವಾಕ್ಯ ಹೇಳಿದ, ಅಷ್ಟೆ. ಅಂದಿನಿಂದ ಅವಳು ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ರೊಟ್ಟಿಯ ತಟ್ಟೆ ತೆರೆಯುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಮನೆಗೆ ಬಂದರೆ ಹಿಂಬಾಗಿಲಿನಿಂದ.

ಈಗ ದಿನವೂ ಬರುತ್ತಿದ್ದಳು. ತಾಯಿಯ ಮೈ ಒರೆಸಿ, ತಲೆ ಬಾಚಿ, ಬಾಯಿ ತೊಳೆಸಿ, ಹಾಸಿಗೆ ಬಟ್ಟೆ ಒಗೆದು ಹೋಗುತ್ತಿದ್ದಳು. ಯಜಮಾನ ಅವಳೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಸೊಸೆಗೆ ಹೇಳುತ್ತಿದ್ದ.

"ಬಂದವರಿಗೆ ಟೀ ಕೊಡಮ್ಮ."

"ಬಂದವರು ಕುಡಿದೇ ಬಂದಿದ್ದಾರೆ ಅಂತ ಹೇಳಿ ಅತ್ತಿಗೆ," ಎನ್ನುತ್ತಿದ್ದಳು ಮಗಳು ಒಳಗಿನಿಂದ.

"ನನ್ನನ್ನೇನು ಟೆಲಿಫೋನ್ ಕಂಬ ಅಂದ್ಕೊಂಡ್ರಾ ಅಪ್ಪ ಮಗಳು?" ಎಂದು ಸೊಸೆ ಗೊಣಗುತ್ತಿದ್ದಳು. "ನನ್ನ ಕಿವೀಲಿ ತಂತಿ ಎಳೆದುಬಿಡಿ, ಅತ್ಲಾಗೆ ನಾನು ಗಲ್ಲಾಪೆಟ್ಟಿಗೆ ಹತ್ರ ಕೂತಿರ್ತೀನಿ."

ತಾಯಿ ನಗಲು ಹೋಗಿ ಕೆಮ್ಮುತ್ತಿದ್ದಳು. "ನಗಿಸಬೇಡ ಕಣೇ. ಇದ್ದಬದ್ದ ಹಾಲೆಲ್ಲ ಮೂಗಿಗೆ ಬರುತ್ತೆ."

ಆ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳು ರೊಟ್ಟಿಯ ಚೂರನ್ನೂ ಪುಟ್ಟ ಬಟ್ಟಲನ್ನೂ ತೆಗೆದುಕೊಂಡು ಮನೆಗೆ ಬಂದರು. ಸೊಸೆ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದಳು. ಮಗಳು ಒಗೆಯುವ ಕಲ್ಲಿನ ಹತ್ತಿರ, ಕಿಟಕಿಯಾಚೆ, ಕೈಯಲ್ಲಿ ಒದ್ದೆ ದುಪ್ಪಟಿ ಹಿಡಿದು ನಿಂತಿದ್ದಳು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಚೂರನ್ನು ಬಾಯಿಯ ಹತ್ತಿರ ತಂದರು. ತಾಯಿ ತುಟಿ ಬಿಗಿದಳು.

"ಅವಳನ್ನ ಕರೀರಿ," ಎಂದಳು.

ಪಾದ್ರಿಗಳು ಯಜಮಾನನ ಮುಖ ನೋಡಿದರು. ಯಜಮಾನ ನೆಲ ನೋಡಿದ.

"ಅವಳು ತಗೊಂಡ್ರೆ ತಗೋತೀನಿ ಅಯ್ಯನವರೇ. ಇಲ್ಲದಿದ್ರೆ ಬೇಡ."

ಪಾದ್ರಿಗಳು ಹೋದ ಮೇಲೆ ಊಟದ ಮೇಜಿನಲ್ಲಿ ಯಾರೂ ಆಲೂಗಡ್ಡೆ ಪಲ್ಯ ಮುಟ್ಟಲಿಲ್ಲ.

"ಸಾಯೋ ಹೊತ್ತಲ್ಲಿ ಅಮ್ಮನ ಬಾಯಿಗೆ ಬಂದಿದ್ದನ್ನ ತಪ್ಪಿಸಿಬಿಟ್ರಲ್ಲ," ಎಂದ ಮಗ.

"ತಪ್ಪಿಸಿದ್ದು ನಾನಲ್ಲ. ಬರೆದಿರೋದು ಹಾಗೆ."

"ಬರೆದಿರೋದು ಕೃಪೆ ಅಂತಲೂ ಬರೆದಿದೆ!"

"ನಿನ್ನ ಕೃಪೆ ಅಗ್ಗದ್ದು ಕಣೋ. ಅಮ್ಮನ ಹಾಸಿಗೆ ಬಟ್ಟೆ ಒಂದು ದಿನ ಒಗೆದಿದ್ದೀಯಾ? ಬಾಯಲ್ಲಿ ಕೃಪೆ, ಕೈಯಲ್ಲಿ ಸೋಮಾರಿತನ."

ಮಗನ ಮುಖ ಕೆಂಪಾಯಿತು. "ಒಗೆಯೋಳನ್ನ ಒಳಗೆ ಕೂರಿಸ್ತೀರಾ ನೀವು? ಕೊಳೆ ಬಟ್ಟೆಗೆ ಅವಳು ಬೇಕು, ರೊಟ್ಟಿಗೆ ಮಾತ್ರ ಬೇಡ!"

ಯಜಮಾನ ತಟ್ಟೆ ಸರಿಸಿ ಎದ್ದುಹೋದ. ಹಿತ್ತಿಲಲ್ಲಿ ಮಗಳು ಬಟ್ಟೆ ಹಿಂಡುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ತಾಯಿಗೆ ಟೀಯಲ್ಲಿ ಅದ್ದಿದ ಬ್ರೆಡ್ಡೂ ಇಳಿಯದಾಯಿತು. ಸೊಸೆ ತರಕಾರಿ ಬೇಯಿಸಿ ಸೋಸಿದ ನೀರು, ಹಾಲು ಕೊಡತೊಡಗಿದಳು. ದನಿಯೂ ಸಣ್ಣಗಾಗುತ್ತಿತ್ತು. ತಾನೇ ಹೇಳಿಕೊಳ್ಳುತ್ತಿದ್ದ ವಾಕ್ಯಗಳನ್ನು ಹೇಳಲಾಗದೆ, ಸೊಸೆಗೆ ಓದಲು ಹೇಳಿದಳು.

ಆ ಮನೆಯಲ್ಲಿ ವೇದಪುಸ್ತಕ ತೆರೆದು ಓದುವವರು ಯಾರೂ ಇರಲಿಲ್ಲ. ಎಲ್ಲರಿಗೂ ಬಾಯಿಪಾಠ. ಬಾಯಿಗೆ ಬಂದದ್ದನ್ನು ಪುಸ್ತಕದಲ್ಲಿ ಹುಡುಕುವ ಅಗತ್ಯವೇನು? ಸೊಸೆ ಮಾತ್ರ ಮದುವೆಯಾಗಿ ಬಂದ ಮೇಲೆ ವೇದ ಕಂಡವಳು. ಅವಳಿಗೆ ಒಂದು ಸಾಲೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಬೆರಳಿಟ್ಟು, ಅಕ್ಷರ ಅಕ್ಷರ ಓದುತ್ತಿದ್ದಳು.

ಒಂದು ಸಂಜೆ ತಾಯಿ ಆ ರೊಟ್ಟಿಯ ವಾಕ್ಯವಿರುವ ಭಾಗವನ್ನೇ ಓದಿಸಿದಳು. ಯಜಮಾನ ಬಾಗಿಲಲ್ಲಿ ಕೈಗೆ ಮೆತ್ತಿದ ಹಿಟ್ಟು ಉಜ್ಜುತ್ತ ನಿಂತಿದ್ದ.

"ಅ-ಯೋ-ಗ್ಯ-ವಾ-ಗಿ," ಎಂದು ಓದಿದಳು ಸೊಸೆ.

"ರಾಗಿ," ಎಂದ ಯಜಮಾನ. "ಅಯೋಗ್ಯರಾಗಿ."

"ಇಲ್ಲ ಮಾವ. ವಾ ಇದೆ."

"ಕಣ್ಣು ಸರಿಯಾಗಿ ಬಿಟ್ಟು ನೋಡಮ್ಮ."

"ನೋಡೇ ಹೇಳ್ತಿದ್ದೀನಿ. ರಾಗಿಯಂತೂ ಇಲ್ಲಿ ಒಂದು ಕಾಳೂ ಇಲ್ಲ," ಎಂದಳು ಅವಳು, ಅಭ್ಯಾಸಬಲದಿಂದ. ಆಮೇಲೆ ಅವನ ಮುಖ ನೋಡಿ ಪುಸ್ತಕ ಚಾಚಿದಳು.

ಯಜಮಾನ ದೀಪದ ಕೆಳಗೆ ಹಿಡಿದು ನೋಡಿದ. ಹಿಟ್ಟಿನ ಬೆರಳಿನಿಂದ ಆ ಅಕ್ಷರದ ಮೇಲೆ ಬಿಳಿ ಗುರುತು ಬಿತ್ತು.

"ಅಚ್ಚಿನ ತಪ್ಪು," ಎಂದ.

ಸೊಸೆ ಚರ್ಚಿನಿಂದ ಇನ್ನೊಂದು ಪ್ರತಿ ತಂದಳು. ಅದರಲ್ಲೂ ವಾ. ಮಗ ಪ್ರಾರ್ಥನಾಕೂಟದಿಂದ ಹೊಸ ಮುದ್ರಣ ತಂದು ಮೇಜಿನ ಮೇಲೆ ತೆರೆದಿಟ್ಟ. ಅದರಲ್ಲೂ ವಾ. ಯಜಮಾನ ಯಾವುದನ್ನೂ ಹೆಚ್ಚು ಹೊತ್ತು ನೋಡಲಿಲ್ಲ.

"ಒಂದು ಅಕ್ಷರಕ್ಕೆ ಏನಾಗುತ್ತೆ?" ಎಂದ.

"ಏನಾಗುತ್ತಾ?" ಮಗ ಮೇಜು ಕುಟ್ಟಿದ. "ರಾ ಅಂದ್ರೆ ಆಳು ಅಯೋಗ್ಯ. ವಾ ಅಂದ್ರೆ ತಿನ್ನೋ ರೀತಿ ಅಯೋಗ್ಯ. ಆಳನ್ನಲ್ಲ ಅದು ಕೇಳ್ತಿರೋದು, ತಿನ್ನೋದು ಹೇಗೆ ಅಂತ ಕೇಳ್ತಿದೆ. ಇಷ್ಟು ವರ್ಷ ನನ್ನ ತಂಗೀನ ಒಂದು ಅಕ್ಷರದ ಮೇಲೆ ಹೊರಗಿಟ್ಟಿದ್ದೀರಿ!"

"ನನಗೆ ಹೇಳಿಕೊಟ್ಟೋಳು ನನ್ನಮ್ಮ," ಎಂದ ಯಜಮಾನ. ಅವನ ದನಿ ಏರಲಿಲ್ಲ. ಹಾಗಾಗಿಯೇ ಮಗ ಮೇಜಿನಿಂದ ಕೈ ತೆಗೆದ.

ಯಜಮಾನ ಹಿಂದಿನ ಕೋಣೆಗೆ ಹೋಗಿ ಹೆಂಡತಿಯ ಕಾಲಿನ ಬಳಿ ಕೂತ.

"ನಿನಗೆ ಗೊತ್ತಿತ್ತಾ?"

"ವಾ ಅಂತಾನಾ? ನಮ್ಮ ತವರಲ್ಲಿ ವಾ ಅಂತಲೇ ಹೇಳ್ತಿದ್ವಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದೆ. 'ನಮ್ಮಮ್ಮನಿಗಿಂತ ನೀನು ಹೆಚ್ಚು ತಿಳಿದೋಳಾ' ಅಂದ್ರಿ." ಉಸಿರಿಗಾಗಿ ನಿಂತಳು. "ಆಮೇಲೆ ಅತ್ತೇನ ನೋಡಿದೆ. ಅವರೆದುರು ಹ್ಯಾಗ್ರೀ ಹೇಳಲಿ?"

ಯಜಮಾನನ ತಾಯಿ ಜೀವವಿರುವವರೆಗೆ ಚರ್ಚಿಗೆ ರೊಟ್ಟಿ ಸುಟ್ಟಳು. ಅಂಚು ಕತ್ತರಿಸಿ, ಚೌಕ ಚೌಕ ಮಾಡಿ, ಬಿಳಿ ಬಟ್ಟೆ ಮುಚ್ಚಿ ಕಳಿಸುತ್ತಿದ್ದಳು. ಒಂದು ಚೂರನ್ನೂ ತಿಂದವಳಲ್ಲ. ಎಲ್ಲರೂ ಮುಂದೆ ಹೋಗುವಾಗ ಬೆಂಚಿನಲ್ಲೇ ಕೂತಿರುತ್ತಿದ್ದಳು. ಯಾಕಮ್ಮ ಎಂದು ಅವನು ಚಿಕ್ಕವನಿದ್ದಾಗ ಕೇಳಿದರೆ "ನಾನು ಯೋಗ್ಯಳಲ್ಲ ಮಗ" ಎಂದಿದ್ದಳು. ಯಾವ ಪಾಪವೋ ಏನೋ, ಯಾರಿಗೂ ಹೇಳದೆ ಮಣ್ಣಿಗೆ ಹೋದಳು.

"ವಾ ಅಂತ ಒಪ್ಕೊಂಡ್ರೆ," ಎಂದ ಅವನು ಕೊನೆಗೆ, "ನಮ್ಮಮ್ಮ ಸುಮ್ಮನೆ ಉಪವಾಸ ಸತ್ತ ಹಾಗಾಯ್ತು."

"ಅವರು ಹೋದರು. ಇವಳು ಇದ್ದಾಳಲ್ರೀ," ಎಂದಳು ಹೆಂಡತಿ.

ಮರುದಿನ ಅವನು ಪಾದ್ರಿಗಳ ಮನೆಗೆ ಹೋದ. ಪಾದ್ರಿಗಳು ಹಳೆಯ ಅಂಗಿಯಲ್ಲಿ, ಸೋರುವ ನಲ್ಲಿಗೆ ದಾರ ಸುತ್ತುತ್ತಿದ್ದರು. ಅವನು ಕೇಳಿದ್ದು ಕೇಳಿ ಕೈ ಒರೆಸಿಕೊಂಡು ಕೂತರು.

"ವಾ ಅಂತಲೇ ಇರೋದು. ಅಪೊಸ್ತಲ ಆ ಪತ್ರ ಬರೆದ ಊರಿನ ಸಭೇಲಿ ಅನುಕೂಲಸ್ಥರು ಮೊದಲೇ ಬಂದು ತಿಂದು ಕುಡಿದು ಮುಗಿಸಿಬಿಡ್ತಿದ್ರು. ಕೂಲಿ ಮುಗಿಸಿ ಬಂದೋರಿಗೆ ಬರಿ ಮೇಜು. ಅವರಿಗೆ ಬೈದು ಬರೆದದ್ದು ಅದು. ಒಬ್ಬರಿಗೊಬ್ಬರು ಕಾಯಿರಿ ಅಂತ ಕೊನೆಗೆ ಹೇಳ್ತಾನೆ."

"ಕಾಯಿರಿ ಅಂತ?"

"ಹ್ಞೂಂ. ಅಷ್ಟೇ."

"ನಾನು ರಾ ಅಂತ ಹೇಳೋದನ್ನ ನೀವು ಕೇಳಿದ್ದೀರಿ ಅಯ್ಯನವರೇ."

"ಕೇಳಿದ್ದೆ. ಹಿರಿಯರು, ತಿದ್ದೋದು ಹ್ಯಾಗೆ ಅಂತ ಸುಮ್ಮನಿದ್ದೆ." ಪಾದ್ರಿಗಳು ಸೋರುವ ನಲ್ಲಿಯ ಕಡೆ ನೋಡಿದರು. "ಹಾಗಂತ ನಿಮ್ಮ ಮಗಳ ವಿಷಯ ಹಗುರ ಅಂತ ನಾನು ಹೇಳಲ್ಲ. ಚರ್ಚಿನಲ್ಲಿ ಸಭೆಯ ನಿಯಮ ಇದೆ, ಅದನ್ನ ನಾನೊಬ್ಬ ಮುರಿಯೋಕಾಗಲ್ಲ. ಆದರೆ ಸಾಯ್ತಿರೋ ತಾಯಿ ಪಕ್ಕದಲ್ಲಿ, ಮನೆಯೊಳಗೆ... ನೀವು ಹೂಂ ಅನ್ನಿ, ಇವತ್ತೇ ಬರ್ತೀನಿ."

ಯಜಮಾನ ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸಿದ.

"ಯೋಚನೆ ಮಾಡ್ತೀನಿ," ಎಂದ.

ಅವನು ಯೋಚಿಸಿದ. ಹಿಟ್ಟು ಕಲಸುತ್ತ ಯೋಚಿಸಿದ, ಒಲೆಯ ಬೂದಿ ಬಾಚುತ್ತ ಯೋಚಿಸಿದ. ದಿನಗಳು ಹೋದವು. ಹೆಂಡತಿ ದಿನವೂ ಕಣ್ಣಿನಲ್ಲೇ ಕೇಳುತ್ತಿದ್ದಳು. "ಮುಂದಿನ ಮೊದಲ ಭಾನುವಾರ ಬರಲಿ, ನೋಡೋಣ," ಎನ್ನುತ್ತಿದ್ದ. "ನನ್ನ ಗಂಟಲಿಗೆ ಹೇಳ್ರಿ ಅದನ್ನ," ಎಂದಳು ಒಮ್ಮೆ. ಅದು ಅವಳು ಪೂರ್ತಿಯಾಗಿ ಹೇಳಿದ ಕೊನೆಯ ಮಾತುಗಳಲ್ಲೊಂದು.

ಹಾಲು ನಿಂತಿತು. ಸೋಸಿದ ನೀರು ನಿಂತಿತು. ಮಗಳು ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು. ಗಡಿಯಾರದವನು ಸಂಜೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳಿಗಾಗಿ ಕಾಯುತ್ತಿದ್ದ. ಒಳಗೆ ಕರೆದವರಿಲ್ಲ, ಅವನೂ ಕೇಳಲಿಲ್ಲ. ಸೊಸೆ ಒಂದು ಲೋಟ ಟೀ ಇಟ್ಟು ಹೋದರೆ ಲೋಟ ತೊಳೆದು ಬೋರಲು ಹಾಕಿ ಹೋಗುತ್ತಿದ್ದ.

ಶನಿವಾರ ಬಂತು. ಯಜಮಾನ ಬಾಯಿ ಬಿಡದೆ ಹಿಟ್ಟು ಕಲಸಿದ. ಲಯವಿಲ್ಲದೆ ಕಲಸಿದ ಹಿಟ್ಟು ಸರಿಯಾಗಿ ಏಳಲಿಲ್ಲ. ರೊಟ್ಟಿ ಗಟ್ಟಿಯಾಯಿತು. ಮಗ ನೋಡಿದ, ಹೇಳಿಸಿಕೊಳ್ಳದೆ ತಟ್ಟೆಗಳನ್ನು ತೊಳೆದಿಟ್ಟ.

ಭಾನುವಾರ ಯಜಮಾನನೇ ಪಾದ್ರಿಗಳನ್ನು ಕರೆತಂದ. ಹೂಂ ಎಂದು ಮಾತ್ರ ಇನ್ನೂ ಬಾಯಿಬಿಟ್ಟು ಅಂದಿರಲಿಲ್ಲ. ಮನೆಗೆ ಹೋದ ಮೇಲೆ ಅನ್ನೋಣವೆಂದು ದಾರಿಯುದ್ದಕ್ಕೂ ಮಾತನ್ನು ನಾಲಿಗೆಯ ಮೇಲೇ ಇಟ್ಟುಕೊಂಡು ಬಂದ. ಕೋಣೆಯಲ್ಲಿ ಮಗಳು ತಾಯಿಯ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದಿದ್ದಳು. ಕೆಳಗಿಟ್ಟರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಎದ್ದು ಹೊರಗೆ ಹೋಗಲಾಗಲಿಲ್ಲ.

ಪಾದ್ರಿಗಳು ಚೂರನ್ನು ಮುರಿದು, ಮತ್ತೆ ಮುರಿದು, ಕಾಳಿನಷ್ಟು ಮಾಡಿದರು. ತಾಯಿ ಈ ಸಲ ಬಾಯಿ ತೆರೆದಳು. ಎಲ್ಲರೂ ನೋಡುತ್ತಿದ್ದರು. ಗಂಟಲು ಒಮ್ಮೆ ಏರಿತು, ಇಳಿಯಲಿಲ್ಲ. ಮೈ ಸೆಟೆಯಿತು, ಕಣ್ಣಲ್ಲಿ ನೀರು ಬಂತು. ವಾರಗಳಿಂದ ಮಾಡುತ್ತಿದ್ದ ಹಾಗೆ ಮಗಳು ಅಂಗೈಯನ್ನು ಗದ್ದದ ಕೆಳಗೆ ಒಡ್ಡಿದಳು. ತಾಯಿ ಆ ಚೂರನ್ನು ನಾಲಿಗೆಯಿಂದ ಮೆಲ್ಲಗೆ ತಳ್ಳಿ ಮಗಳ ಅಂಗೈಯಲ್ಲಿ ಇಟ್ಟಳು. ತನ್ನ ಕೈಯಿಂದ ಆ ಬೆರಳುಗಳನ್ನು ಮುಚ್ಚಿದಳು.

ಆ ರೊಟ್ಟಿಯನ್ನು ಎಸೆಯುವ ಹಾಗಿಲ್ಲ. ಅದು ಮಕ್ಕಳಿಬ್ಬರಿಗೂ ಯಜಮಾನ ಕಲಿಸಿದ ಮೊದಲ ಪಾಠ: ಮೇಜಿನ ಮೇಲೆ ಉದುರಿದ ಹುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿನ್ನಬೇಕು. ಮಗಳು ಮುಷ್ಟಿ ಹಿಡಿದು ಕೂತಳು. ಮುಂದೆ ಏನು ಮಾಡಬೇಕೆಂದು ತಿಳಿಯದೆ ಪಾದ್ರಿಗಳ ಕಡೆ ನೋಡಿದಳು. ಅವರು ಬಟ್ಟಲನ್ನು ನೋಡುತ್ತಿದ್ದರು. ಅಣ್ಣನ ಕಡೆ ನೋಡಿದಳು. ಕೃಪೆಯ ಬಗ್ಗೆ ಅಷ್ಟು ಮಾತಾಡುತ್ತಿದ್ದ ಅಣ್ಣ ನೆಲ ನೋಡುತ್ತಿದ್ದ.

"ಅತ್ತಿಗೆ," ಎಂದಳು ಮಗಳು, ದನಿ ಒಡೆದು, "ಇದನ್ನ... ಏನು ಮಾಡಬೇಕು ಅಂತ ಕೇಳಿ."

ಸೊಸೆ ಯಾರನ್ನೂ ಕೇಳಲಿಲ್ಲ. ಯಜಮಾನ ಬಾಗಿಲಿಂದ ಒಳಗೆ ಬಂದ.

"ತಿನ್ನು," ಎಂದ. ಆಮೇಲೆ, "ನೀನು ತಿನ್ನು, ಮಗಳೇ."

ಅವಳು ತಿಂದಳು. ತಾಯಿ ನೋಡುತ್ತಿದ್ದಳು. ಅಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತೆಂದೂ ಏನೂ ಕಂಡಿರಲಾರದೆಂದೂ ಮಗ ಆಮೇಲೆ ಹೇಳಿದ. "ಕಂಡಿತು. ಅತ್ತೆ ಬೇಕಂತಲೇ ಮಾಡಿದ್ದು," ಎಂದು ಸೊಸೆ ಇಂದಿಗೂ ವಾದಿಸುತ್ತಾಳೆ.

ಆ ವಾರ ಕಳೆಯುವುದರೊಳಗೆ ತಾಯಿ ತೀರಿಕೊಂಡಳು. ಡಾಕ್ಟರು ಹೇಳಿದ್ದ ಹಾಗೆ ದಾರಿ ಪೂರ್ತಿ ಮುಚ್ಚಿ, ಹಸಿವಿನಿಂದ. ಅಂಗಡಿ ಮುಚ್ಚಿತ್ತು. ಮಣ್ಣು ಮಾಡಿ ಬಂದ ಮೇಲೆ ಬಂದವರೆಲ್ಲ ಸಮಾಧಾನ ಹೇಳಿದರು. ಕಷ್ಟ ಮುಗಿಯಿತು, ಪ್ರಭುವಿನ ಹತ್ತಿರ ಹೋದಳು, ಅಲ್ಲಿ ಹಸಿವಿಲ್ಲ ಎಂದರು. ಯಜಮಾನ ಎಲ್ಲರಿಗೂ ತಲೆಯಾಡಿಸಿದ. ಎಲ್ಲರೂ ಹೋದ ಮೇಲೆ ಸೊಸೆಗೆ ಮಾತ್ರ ಹೇಳಿದ: "ಅವತ್ತೇ ಹೂಂ ಅಂದಿದ್ರೆ ಅವಳಿಗೆ ಒಂದು ಚೂರು ಇಳೀತಿತ್ತಮ್ಮ. ಹಾಲು ಇಳೀತಿತ್ತು ಆಗಿನ್ನೂ. ನೆನೆಸಿ ಕೊಡಬಹುದಾಗಿತ್ತು."

ಸೊಸೆ ಅವನ ಮುಂದೆ ಒಂದು ಲೋಟ ಟೀ ಇಟ್ಟು ಪಕ್ಕದಲ್ಲಿ ಕೂತಳು.

ಮತ್ತೊಂದು ತಿಂಗಳ ಮೊದಲ ಭಾನುವಾರ ಬಂತು. ಹಿಂದಿನ ದಿನ ಯಜಮಾನ ರೊಟ್ಟಿ ಸುಟ್ಟ. ಕಲಸುವಾಗ ವಾಕ್ಯ ಹೇಳಿದ್ದು ಮಗನಿಗೆ ಕೇಳಿಸಿತು. ಆ ಪದ ಬಂದಾಗಲೆಲ್ಲ ನಾಲಿಗೆ ರಾ ಎಂದೇ ಹೊರಳುತ್ತಿತ್ತು. ಅವನು ಕೈ ನಿಲ್ಲಿಸಿ, ವಾ ಎಂದು ತಿದ್ದಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಮಗ ಅಣಕಿಸಲಿಲ್ಲ.

ಚರ್ಚಿನಲ್ಲಿ ಅವನ ಜಾಗ ಮುಂದಿನ ಬೆಂಚು, ಹಿರಿಯರ ಸಾಲು. ಅವನು ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಟ್ಟೆ ಮುಚ್ಚಿ, ತಿರುಗಿ ನಡೆದ. ಬೆಂಚುಗಳ ನಡುವೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ, ಮಗಳು ಕೂತಿದ್ದ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತ. ಅವನಮ್ಮ ಕೂರುತ್ತಿದ್ದದ್ದು ಅದರ ಮುಂದಿನ ಬೆಂಚಿನಲ್ಲಿ.

ಜನ ಎದ್ದು ಸಾಲಾಗಿ ಮುಂದೆ ಹೋಗತೊಡಗಿದರು. ಮಗಳು ಎಂದಿನಂತೆ ಎದ್ದು ಹೊರಡಲು ಚೀಲ ಹಿಡಿದಳು. ಯಜಮಾನ ಕೈ ಚಾಚಿ ಚೀಲದ ಮೇಲಿಟ್ಟ. ಅವಳು ಕೂತಳು.

ಸಾಲು ಕರಗುತ್ತ ಬಂತು. ಮೇಜಿನ ಹತ್ತಿರ ಪಾದ್ರಿಗಳು ಕತ್ತೆತ್ತಿ ಹಿಂದಕ್ಕೆ ನೋಡಿದರು.

"ಅಪ್ಪ, ನೀವು ಹೋಗಲ್ವಾ?" ಎಂದಳು ಮಗಳು ಪಿಸುದನಿಯಲ್ಲಿ. "ಹೋಗಿ. ತಟ್ಟೆ ಮುಚ್ಚಿಬಿಡ್ತಾರೆ."

"ಮುಚ್ಚಲಿ," ಎಂದ ಅವನು. "ಕಾಯ್ತೀನಿ."